ಹೊಟ್ಟೆಗರಿಯ ಕಾಲು

ಇನಾಮಿಯಲ್ಲಿ ಹಿಮ ಬಿದ್ದರೆ ಬೀದಿಗೆ ಕಿವುಡು.
ಕೊಡತಿಯ ಸದ್ದೊಂದೇ ಗೋಡೆ ದಾಟಿ ಬರುತ್ತದೆ,
ಟಕ್, ಟಕ್, ಆಮೇಲೆ ಉಸಿರಿನಷ್ಟು ಬಿಡುವು.
ಆ ಬಿಡುವಿನಲ್ಲಿ ಯಾರದೋ ಕೈ ಉಳಿ ಬದಲಿಸಿರುತ್ತದೆ.

ನನಗಿನ್ನೂ ಉಳಿ ಕೊಟ್ಟಿರಲಿಲ್ಲ.
ಹದಿನೇಳರ ಹುಡುಗಿ, ಹೆಸರು ಕಿನು,
ಕಾಲಲ್ಲಿ ತುಳಿಯುವ ನೂಲುಗರಗಸದ ಮುಂದೆ ಒಂದು ಮಣೆ.
ಮೊದಲ ದಿನ ಶಿಮಾತಾನಿ ಗೆನ್‌ಪಾಚಿ ಆಡಿದ್ದು ಇಷ್ಟೇ:
"ನೀನು ಗಾಳಿ ಕೊಯ್ಯಿ. ಮರ ನನಗಿರಲಿ."

ಗಾಳಿ ಅಂದರೆ ರಾನ್ಮಾದೊಳಗಿನ ಬಯಲು.
ಜಾರುಬಾಗಿಲ ಮೇಲೆ, ಸೂರಿನ ಕೆಳಗೆ,
ಎರಡು ಕೋಣೆಗಳ ನಡುವೆ ಕೂರುವ ಹಲಗೆ ಅದು;
ಆ ಕಡೆ ಹಚ್ಚಿದ ದೀಪ
ಜೊಂಡಿನ ಸಂದಿಯಲ್ಲಿ ಸೋಸಿಕೊಂಡು
ಈ ಕಡೆ ಮಲಗಿದವರ ಹೊದಿಕೆಗೆ ಇಳಿಯಬೇಕು.

ಬೈರಿಗೆಯಲ್ಲಿ ತೂತು, ತೂತಿನೊಳಗೆ ಅಲಗು,
ಸೂಜಿಗೆ ದಾರ ಪೋಣಿಸಿದ ಹಾಗೆ.
ಬಿಗಿದು ಬೆರಳಲ್ಲಿ ಮೀಟಿದರೆ
ಸಾಕೋ ಬೇಕೋ ಅದೇ ಹೇಳುತ್ತದೆ.
ಕರ್ಪೂರದ ಮರ. ಕೊಯ್ದಷ್ಟೂ ಮೂಗುರಿಯುವ ಘಮ;
ರಾತ್ರಿ ನಾನು ಜಡೆ ಬಿಚ್ಚಿದರೆ
ನಮ್ಮ ಕೋಣೆಗೆ ನುಸಿ ಬರುತ್ತಿರಲಿಲ್ಲ.
ಮಸಿಗೆರೆಯ ಹೊರಗೇ ನಡೆಯಬೇಕು ಅಲಗು:
ಗೆರೆ ಉಳಿಸು, ಗೆರೆ ಉಳಿಯ ಪಾಲು.

ತೊನಾಮಿ ಬಯಲಿನ ಭತ್ತದ ಮನೆಯೊಂದಕ್ಕೆ
ಎರಡು ಕೊಕ್ಕರೆ, ಜೊಂಡು, ಒಂದಿಷ್ಟು ನೀರು.
ಯಾವ ನೆವವೂ ಇರಲಿಲ್ಲ ಆ ಮಧ್ಯಾಹ್ನ.
ಹಸಿವಲ್ಲ, ಚಳಿಯಲ್ಲ, ಕಿಟಕಿಯಾಚೆ ಯಾರೂ ಹಾಯಲಿಲ್ಲ.
ಮರದೊಳಗೊಂದು ಗಂಟು ಸಿಕ್ಕಿತು,
ಪಾದ ಒಂದು ತುಳಿತ ಹೆಚ್ಚು ತುಳಿಯಿತು,
ಎಡಗಡೆಯ ಕೊಕ್ಕರೆಯ ಕಾಲು
ಹುಡಿಯ ರಾಶಿಗೆ ಬಿತ್ತು,
ಸದ್ದೇ ಇಲ್ಲದೆ.

ತೋಳಿನೊಳಗೆ ಅದನ್ನು ಬಚ್ಚಿಟ್ಟುಕೊಂಡು
ಸಂಜೆಯ ಗಂಜಿಯನ್ನು ಒಂದೇ ಕೈಯಲ್ಲಿ ಉಂಡೆ.

ದೀಪ ಹಿಡಿದು ಬಂದರು. ಹಲಗೆ ಎತ್ತಿದರು, ತಿರುಗಿಸಿದರು,
ಹೆಬ್ಬೆರಳನ್ನು ಹಕ್ಕಿಯ ಹೊಟ್ಟೆಯ ಮೇಲೆ ಒತ್ತಿ ನಿಂತರು,
ಬಸುರಿಯ ಹೊಟ್ಟೆ ನೋಡುವ ಸೂಲಗಿತ್ತಿಯಂತೆ.
ಎರಡು ಅಂಗುಲದ ದಪ್ಪ. ಇನ್ನೂ ಯಾವ ಉಳಿಯೂ ತಾಗದ ದಪ್ಪ.
"ಕಾಲು ಎಲ್ಲಿ?"
ನಡುಗುತ್ತ ತೋಳು ಚಾಚಿದೆ.
"ಅದಲ್ಲ. ಹಕ್ಕಿ ಎಲ್ಲಿಟ್ಟುಕೊಂಡಿದೆ ನೋಡು."

ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ.
ಬಾಗುಳಿ, ಅದಕ್ಕಿಂತ ಕಿರಿದು, ಅದಕ್ಕಿಂತಲೂ ಕಿರಿದು.
ಹೊಟ್ಟೆಯ ಗರಿ ಒಂದೊಂದಾಗಿ ತಗ್ಗಿತು,
ತಗ್ಗಿದ ಕಡೆ ಮೊಣಗಂಟು ಉಬ್ಬಿತು,
ಮಡಿಸಿದ ಬೆರಳು ಮೂರು ಗರಿಯ ಬೆಚ್ಚನೆಗೆ ಹೊಕ್ಕವು.
ಹಿಂಬದಿಯ ಕೋಣೆಯವರಿಗೆ ಬೆರಳು ಕಾಣದು,
ಒಂದು ಸಣ್ಣ ಉಬ್ಬು ಮಾತ್ರ, ಗರಿ ಕೆದರಿದ ಹಾಗೆ.
ನಾನು ಕೊಯ್ದ ತಪ್ಪು ಹಾಗೆಯೇ ಬಯಲಾಗಿ ಉಳಿಯಿತು,
ಜೊಂಡಿಗೂ ಜೊಂಡಿಗೂ ನಡುವೆ.

ಭತ್ತದ ಮನೆಯವರು ಹಣಕ್ಕೆ ಬಹಳ ಹೊತ್ತು ಚೌಕಾಸಿ ಮಾಡಿದರು.
ಅವರ ಮುದುಕಿ ಮಾತ್ರ ಕತ್ತೆತ್ತಿ ನೋಡಿ,
"ಇದು ಮಲಗಿದೆ, ಅದು ಕಾವಲು" ಎಂದಳು.
ನನ್ನ ಗುರು ಬಾಗಿ ವಂದಿಸಿದರು. ನಾನೂ ಬಾಗಿದೆ,
ಏಳುವುದು ಮರೆತೆ.

ಕಳೆದ ಚಳಿಗಾಲ ಆ ಮನೆ ಕಳಚಿದರು.
ಹೊಸ ಮನೆಗಳಲ್ಲಿ ಸೂರಿಗೂ ಬಾಗಿಲಿಗೂ ನಡುವೆ ಜಾಗವಿಲ್ಲ.
ಮೊಮ್ಮಗ ಹಲಗೆಯನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ತಂದ,
ಜೊಂಡೊಂದು ಮುರಿದಿದೆ, ಸರಿಮಾಡಬಹುದೇ ಎಂದ.
ಕಿಟಕಿಗೆ ಹಿಡಿದೆ. ಹಿಮದ ಬೆಳಕು
ಕಾಲಿಲ್ಲದ ಕಡೆಯಿಂದ ನುಗ್ಗಿ
ನನ್ನ ಮಂಡಿಯ ಮೇಲೆ ಬಿತ್ತು.
ಉಜ್ಜಿದೆ. ಘಮ ಇನ್ನೂ ಇತ್ತು.

ಈಗ ನನ್ನದು ಮೋಟಾರಿನ ಗರಗಸ,
ಕೊಯ್ಯುವವಳೂ ಕೆತ್ತುವವಳೂ ನಾನೇ.
ನೆಲ ಸಮವಿಲ್ಲ, ಮೇಜು ಅಲುಗುತ್ತದೆ;
ಅಂದು ತೋಳಿನಲ್ಲಿ ಬಚ್ಚಿಟ್ಟ ಆ ಕಾಲನ್ನು
ಅದರಡಿಗೆ ಕೊಟ್ಟಿದ್ದೇನೆ.
ನಿಂತಿದೆ.