ಹತ್ತೊಂಬತ್ತು ಇಂಚು

ಗಂಟೆಗೋಪುರದ ಮೆಟ್ಟಿಲು ಕಿರಿದಾಗಿದೆಯಂತೆ.
ಮುನ್ನೂರು ವರ್ಷದ ಕಲ್ಲು, ರಾತ್ರೋರಾತ್ರಿ.
ಹಾಗಂತ ಹೇಳಿಕೊಂಡು ಬಂದ ವೆನ್ಜು,
ಬೆವರಿದ ಟೋಪಿ ಮೇಜಿನ ಮೇಲಿಟ್ಟು
ನಿಂತಲ್ಲೇ ಗಿಣ್ಣು ತುಂಬಿದ ಎರಡು ಪಸ್ತಿತ್ಸಿ ತಿಂದ.
ಮೂರನೆಯದನ್ನು ನಾನೇ ಕೊಟ್ಟೆ.

ನಾನು ದರ್ಜಿ. ಮಾತಿಗಿಂತ ಟೇಪನ್ನು ನಂಬುವವಳು.
ಮಧ್ಯಾಹ್ನ ಗೊಝೊ ದ್ವೀಪ ಪೂರ್ತಿ ಕದವಿಕ್ಕಿ ಮಲಗಿದಾಗ
ಚರ್ಚಿನ ಹಿಂಬಾಗಿಲಿಂದ ಒಳಹೊಕ್ಕು
ಸುರುಳಿ ಮೆಟ್ಟಿಲ ಅಳತೆ ತೆಗೆದೆ.
ಒಂಬತ್ತನೆಯ ಮೆಟ್ಟಿಲ ತಿರುವಿನಲ್ಲಿ
ಹತ್ತೊಂಬತ್ತು ಇಂಚು.
ಅಲ್ಲೇ, ಎದೆಯೆತ್ತರದಲ್ಲಿ, ಹಳದಿ ಕಲ್ಲು ನುಣುಪಾಗಿತ್ತು,
ನಲವತ್ತನಾಲ್ಕು ವರ್ಷ ಅವನ ಮೊಣಕೈ ಸವರಿ ಸವರಿ
ಮಗುವಿನ ಕೆನ್ನೆಯ ಹಾಗೆ.
ಕಲ್ಲು ಸವೆದಿತ್ತು. ಅವನು ಸವೆದಿರಲಿಲ್ಲ.

ಇನ್ನೊಂದು ಅಳತೆ ಬಾಕಿಯಿತ್ತು. ತೆಗೆಯಲಿಲ್ಲ.
ಅವನ ಸೊಂಟದ ಚರಿತ್ರೆ ನನ್ನ ಕತ್ತರಿಗೆ ಬಾಯಿಪಾಠ:
ಮದುವೆಯ ಕೋಟು ಮೂವತ್ತೊಂದು;
ಮೊದಲ ಮಗಳು ಹುಟ್ಟಿದಾಗ ಪಕ್ಕದ ಹೊಲಿಗೆ ಬಿಚ್ಚಿದೆ,
ಹಡಗುಕಟ್ಟೆಯ ಕೆಲಸ ಬಿಟ್ಟ ವರ್ಷ ಬೆನ್ನಿಗೊಂದು ಪಟ್ಟಿ ಕೂಡಿಸಿದೆ,
ಆಮೇಲೆ ಗುಂಡಿ ಸರಿಸಿದೆ,
ಆಮೇಲೆ ಎಲಾಸ್ಟಿಕ್.
ಪ್ರತಿ ಆಗಸ್ಟಿನ ಹಬ್ಬಕ್ಕೂ ಒಂದಿಷ್ಟು ಬಿಚ್ಚಿ, ಒಂದಿಷ್ಟು ಬಿಟ್ಟು,
ಯಾರಿಗೂ ಗೊತ್ತಾಗದ ಹಾಗೆ ಹೊಲಿದೆ.
ಅದೇ ನನ್ನ ಹೆಚ್ಚುಗಾರಿಕೆ. ಪ್ರೀತಿ ಅಂದುಕೊಂಡಿದ್ದೆ.
ಬಟ್ಟೆ ಬಿಗಿಯಾಗಿದ್ದರೆ
ಅದಾದರೂ ಅವನಿಗೆ ಹೇಳುತ್ತಿತ್ತು.

ಅವನಮ್ಮ ಯುದ್ಧದ ಹಸಿವು ಕಂಡವಳು.
ಬಾಂಬು ಬೀಳುವಾಗಲೂ ಅರ್ಧ ರೊಟ್ಟಿಗೆ ಸಾಲು ನಿಂತವಳು.
ತಿನ್ನು, ನಾಳೆ ಹಡಗು ಬರದಿದ್ದರೆ? ಎನ್ನುತ್ತ
ತುತ್ತಿನ ಮೇಲೆ ತುತ್ತು ತುರುಕಿದಳು.
ಹಡಗು ಬಂತು. ದಿನಾ ಬಂತು. ಅಂಗಡಿಗಳು ತುಂಬಿ ಚೆಲ್ಲಿದವು.
ಮುದುಕಿ ಮಣ್ಣಾಗಿ ಮೂವತ್ತು ವರ್ಷ.
ಅವನ ಹೊಟ್ಟೆಯೊಳಗೆ ಆ ಸಾಲು ಇನ್ನೂ ಕರಗಿಲ್ಲ.

ಡಾಕ್ಟರ್ ಬುಹಾಜಾರ್ ಇನ್ನೂ ಹುಡುಗಿ, ನನ್ನ ಮೊಮ್ಮಗಳ ವಯಸ್ಸು.
ಬೈಯಲಿಲ್ಲ. ಮಂಡಿಯ ಚಿತ್ರ ತೋರಿಸಿದಳು:
ಎಲುಬಿಗೆ ಎಲುಬು ತಾಗಿತ್ತು.
ಸಕ್ಕರೆ, ರಕ್ತದೊತ್ತಡ, ಕಾಲ್ಬೆರಳಲ್ಲಿ ಜೋಮು,
ಒಬ್ಬನೇ ಆಳು ಎರಡು ಮನೆಗೆ ನೀರು ಸೇದುವ ಹಾಗೆ
ದುಡಿಯುವ ಹೃದಯ.
ನಾಳೆಯಿಂದ ಉಪವಾಸ, ಅಂದ ವೆನ್ಜು, ವೀರನಂತೆ.
ಬೇಡ, ಅಂದಳು. ಎಪ್ಪತ್ತೆರಡಕ್ಕೆ ಹಸಿದು ಕೂತರೆ
ಕೊಬ್ಬಿನ ಜೊತೆಗೇ ಹೋಗಿಬಿಡುತ್ತದೆ
ನಿಮ್ಮನ್ನು ಎತ್ತಿ ನಿಲ್ಲಿಸುವ ಮಾಂಸಖಂಡ.
ಬಿದ್ದರೆ ಏಳಲಿಕ್ಕೆ ಅದು ಬೇಕು.
ನಿಧಾನ. ಮೆಟ್ಟಿಲಿಳಿದ ಹಾಗೆ, ಗೋಡೆ ಹಿಡಿದು.

ರಾತ್ರಿಯದನ್ನು ನಾನು ಹೇಳಿದೆ, ಅವನು ಶರ್ಟು ತೊಡುವಾಗ, ಪಿಸುದನಿಯಲ್ಲಿ.
ಗೊರಕೆ ನಿಲ್ಲುತ್ತದೆ. ಉಸಿರೂ.
ಗಂಟೆ ಹೊಡೆಯುವವನ ಹೆಂಡತಿ ನಾನು,
ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವಿನ ಮೌನ ಎಣಿಸಬಲ್ಲೆ.
ಸಾವಿನ ಗಂಟೆಗೆ ಹನ್ನೆರಡು ಎಣಿಸಬೇಕೆಂದು ಅವನೇ ಕಲಿಸಿದ್ದು.
ಮೊನ್ನೆ ಇಪ್ಪತ್ತೇಳರವರೆಗೆ ಎಣಿಸಿದೆ.

ಈಗ ಮಂಚದ ಪಕ್ಕ ಒಂದು ಯಂತ್ರ, ಮೂಗಿಗೆ ಮುಖವಾಡ.
ಕಾರ್ನಿವಲ್ಲಿನ ಆನೆ, ಅನ್ನುತ್ತಾನೆ ಅವನೇ.
ನಾನು ಎಣಿಸುವುದು ಬಿಟ್ಟಿಲ್ಲ, ಅಭ್ಯಾಸ.
ಗಂಟೆ ಈಗ ಲೀವ್ಯುವಿನ ಕೈಯಲ್ಲಿ; ಹುಡುಗ ಅವಸರ ಮಾಡುತ್ತಾನೆ.
ಏಳನೆಯ ಮೆಟ್ಟಿಲಲ್ಲಿ ಕೂತು, ಕತ್ತಲಲ್ಲಿ,
ವೆನ್ಜು ಮೇಲಕ್ಕೆ ಕೂಗುತ್ತಾನೆ: ತಡೀ... ತಡೀ... ಈಗ!
ವಾರದ ಹಿಂದೆ ಐದನೆಯದರಲ್ಲಿ ಕೂರುತ್ತಿದ್ದ.

ನಾಡಿದ್ದು ಹಬ್ಬ. ಕೋಟು ಹೊರತೆಗೆದ.
ತೋಳು ತೂರಿತು. ಗುಂಡಿ ಕೂಡಲಿಲ್ಲ.
ಸ್ವಲ್ಪ ಬಿಚ್ಚಿಕೊಡು, ಅಂದ.
ಕತ್ತರಿ ಎಲ್ಲೋ ಇಟ್ಟುಬಿಟ್ಟಿದ್ದೇನೆ, ಅಂದೆ.
ಏಪ್ರನ್ನಿನ ಜೇಬಿನಲ್ಲಿತ್ತು,
ತೊಡೆಗೆ ತಣ್ಣಗೆ ತಾಗುತ್ತಿತ್ತು.