ಹದಿನೇಳನೇ ನಂಬರಿನ ಜಾಲಿ

ವಡಗೇರಿ ರಸ್ತಾ ಅಗಲ ಮಾಡಲಾಕಂತ
ಕೆಂಪು ಬಣ್ಣದ ಡಬ್ಬಿ ಹಿಡಕೊಂಡು
ಗಿಡ ಎಣಸೋ ಹುಡುಗ ಬಂದಾನ.
ಬೇವಿಗಿ ಕಿಮ್ಮತ್ತು ಬರದ, ಹುಣಸಿಗಿ ಬರದ,
ಇದರ ಮುಂದ ನಿಂತು
'ಜಾಲಿ, ಉರುವಲ' ಅಂತ ಬರದು
ತೊಗಟಿ ಮ್ಯಾಲ ಹದಿನೇಳು ಹಾಕಿದ.
ಬಣ್ಣ ಸೀಳಿನ್ಯಾಗ ಇಳೀತು.

ತಮ್ಮಾ, ಇದು ಬಳ್ಳಾರಿ ಜಾಲಿ ಅಲ್ಲ.
ಅದು ಮೊನ್ನೆ ಬಂದು ಹಳ್ಳ ನುಂಗಿದ್ದು.
ಇದು ಕರಿಜಾಲಿ.
ಅಂಗಿ ಗುಂಡಿಯಂಥ ಹಳದಿ ಹೂವ,
ಹರದ ಗುಂಡಿನ ಸರದಂಥ ಕಾಯಿ.
ಕುಂಡ್ರು. ತೂತು ನೆರಳು, ಆದ್ರೂ ನೆರಳು.

ಸೂಲಗಿತ್ತಿ ಲಾಡ್ಲಬಿ
ಇಲ್ಲೇ, ನಿನ್ನ ಅಂಕಿ ಕೆಳಗ,
ಕೈಗೊಡ್ಲಿಯಿಂದ ಉಗುರಗಲ ಗಾಯ ಮಾಡತಿದ್ಲು.
ಬಿಸಲು ಏರಿದಂಗ ಅಂಟು ಜಿನುಗಿ
ಜೇನಿನ ಬಣ್ಣಕ್ಕ ಗಟ್ಟಿ ಆಗೋದು.
'ಗಿಡ ಹಡೀತು ನೋಡು' ಅಂತಿದ್ಲು.
ತುಪ್ಪದಾಗ ಅರಳಿಸಿ, ಬೆಲ್ಲ ಕೊಬ್ಬರಿ ಉತ್ತತ್ತಿ ಕೂಡಿಸಿ
ಅಂಟಿನುಂಡಿ ನನ್ನ ಬಾಯಿಗಿ ಇಟ್ಟಾಗ
ನಾ ಹಡದು ಐದು ದಿನ,
ಸೊಂಟ ಅದನೋ ಇಲ್ಲೋ ಗೊತ್ತಿರಲಿಲ್ಲ.

ಒಸಡು ಊದಿದ್ರ ತೊಗಟಿ ಕುದಿಸಿ ಮುಕ್ಕಳಸು,
ಹೊಟ್ಟಿ ಜಾಡಿಸಿದ್ರ ಎಳಿ ಚಿಗುರ —
ಇದು ಎಲ್ಲಾರೂ ಹೇಳತಾರ, ಬಿಡು.

ಯಾರೂ ಹೇಳದ್ದು ಒಂದದ.

ಅಗೊ ಅಲ್ಲಿ ಬಾವಿ, ಈಗ ಪ್ಲಾಸ್ಟಿಕ್ ತುಂಬ್ಯಾದ.
ಸಾಬವ್ವನ ಗಂಡ ದ್ಯಾವಪ್ಪ
ಇದರ ತೊಗಟಿ ಕುಟ್ಟಿ ಬಾನ್ಯಾಗ ಹಾಕಿ
ತೊಗಲು ಹದ ಮಾಡತಿದ್ದ.
ಮುಂಗೈ ತನಕ ಕೆಂಪು,
ಹಬ್ಬದ ದಿನಾನೂ ಹೋಗದ ಕೆಂಪು.
ಆ ತೊಗಲಿನ ಮೊಟ್ಟಿ ಎಳದ ನೀರು
ನಮ್ಮಪ್ಪ ಕುಡದ, ಗೌಡರು ಕುಡದ್ರು,
ಮಠದ ಹಂಡೇಕ್ಕೂ ಹೋತು.
ದ್ಯಾವಪ್ಪನ ಬೊಗಸಿಗಿ ಮಾತ್ರ
ಮ್ಯಾಲಿಂದ ಸುರೀತಿದ್ರು.

ನಾನೂ ಸುರದೀನಿ, ತಮ್ಮಾ.
ಹತ್ತು ವರ್ಷದಾಕಿ.
ಒಂದು ಹನಿ ನನ್ನ ಕಾಲಿಗಿ ಸಿಡೀಬಾರದಂತ
ಹಿಂದ ಸರದೆ,
ಸರದಲ್ಲೇ ಮುಳ್ಳು ತುಳದೆ.

ಅವ ಬಾಯಿ ಒರಸಿಕೊಂಡು
ಇದೇ ಬುಡಕ ಕುಂತು
ಇದರದೇ ಇನ್ನೊಂದು ಮುಳ್ಳು ಮುರದು
ಅದನ್ನ ತಗದ.
ಕಾಲು ಹಿಡೀಬೇಕಾತು, ಹಿಡದ.
ಯಾರೂ ನೋಡಲಿಲ್ಲ.
ನಾನೂ ಮನ್ಯಾಗ ಹೇಳಲಿಲ್ಲ.
ಚಿಗುರ ಅಗದು ಗಾಯಕ್ಕ ಹಚ್ಚಿದ್ದ;
ಆ ಒಗರು ವಾಸನಿ
ಮೂರು ದಿನ ತೊಳೀದೇ ಇಟ್ಟುಕೊಂಡಿದ್ದೆ.

ಬರಕೊ, ಉರುವಲ ಅಂತನೇ ಬರಕೊ.
ಸುಳ್ಳಲ್ಲ ಅದು,
ಇದರ ಕೆಂಡ ಬೆಳತನ ಆರೂದಿಲ್ಲ.
ಕಡಿಯೋರು ಬರೋವಾಗ ಇಷ್ಟು ಹೇಳು:
ಕಾಲಾಗ ಏನಾರ ಹಾಕ್ಕೊಂಡು ಬರ್ರಿ ಅಂತ.
ಈಗ ಮುಳ್ಳು ತಗಿಯೋರು
ಇಲ್ಲಿ ಯಾರೂ ಇಲ್ಲ.