ನಾಲ್ಕು ಗಂಟೆಯ ಬೀಗ

ಸಮುದಾಯ ಭವನದಲ್ಲಿ ಮಕ್ಕಳ ಗ್ರಾಮಸಭೆ.
ಕಾಗದದ ಪೊಟ್ಟಣದಲ್ಲಿ ಮಂಡಕ್ಕಿ, ಮೇಲೊಂದು ಮೆಣಸಿನಕಾಯಿ.
ಹಂಚುತ್ತಿದ್ದವನು ನಾನೇ,
ಪಂಚಾಯ್ತಿ ನೀರಗಂಟಿ ಅಂಜಿನಪ್ಪ.
ಉಡಿದಾರಕ್ಕೆ ಕಟ್ಟಿದ ಗೊಂಚಲಲ್ಲಿ
ಪಂಪ್‌ಹೌಸಿನದೊಂದು, ಭವನದ್ದೊಂದು,
ಗ್ರಂಥಾಲಯದ್ದೊಂದು ಬೀಗದಕೈ.

ಹೋದ ವರ್ಷವೂ ನಡೆದಿತ್ತು ಸಭೆ.
ಮಕ್ಕಳು ಆಟದ ಬಯಲು ಕೇಳಿದ್ದರು,
ಪಿಡಿಒ ಬರೆದುಕೊಂಡಿದ್ದರು,
ಆ ಹಾಳೆಯ ಮೇಲೇ ಯಾರೋ ಮೆಣಸಿನಕಾಯಿ ಇಟ್ಟು ತಿಂದಿದ್ದರು.

ಈ ಸಲ ಮೂರನೇ ಸಾಲಿನಿಂದ ನನ್ನ ಮಗಳು ಎದ್ದಳು.
ದುರ್ಗಾಂಬಿಕಾ, ಎಂಟನೇ ತರಗತಿ.
ಮೈಕು ಕುಂಯ್ ಅಂದಿತು. ಸುಮ್ಮನಾಗುವ ತನಕ ಕಾದಳು.
"ನಮ್ಮ ಶಾಲೆ ಬಿಡೋದು ನಾಲ್ಕೂಕಾಲಿಗೆ.
ಗ್ರಂಥಾಲಯಕ್ಕೆ ಬೀಗ ಬೀಳೋದು ನಾಲ್ಕಕ್ಕೆ.
ಒಳಗಿರೋ ಪುಸ್ತಕ ಯಾರು ಓದಲಿ ಅಂತ ಇಟ್ಟೀರಿ?"

ಸಭೆ ನಕ್ಕಿತು. ಆಮೇಲೆ ಒಬ್ಬೊಬ್ಬರಾಗಿ
ನನ್ನ ಸೊಂಟದ ಕಡೆ ನೋಡಿದರು.
ಪೊಟ್ಟಣದ ಎಣ್ಣೆ
ಬೆರಳಿಗೆ ಇಳಿಯುತ್ತಿತ್ತು.

ನಾಲ್ಕು ಅಂತ ಬರೆದವರು ಯಾರೋ, ನನಗೂ ಗೊತ್ತಿಲ್ಲ.
ನನಗಿಂತ ಮುಂಚೆ ಬೀಗ ಹಾಕುತ್ತಿದ್ದ ಓಬಳೇಶಿ
ನಾಲ್ಕಕ್ಕೇ ಹಾಕುತ್ತಿದ್ದ;
ಅವನಿಗೆ ನಾಲ್ಕೂವರೆಯ ದಾವಣಗೆರೆ ಬಸ್ಸಿತ್ತು.
ಅವನು ಹೋಗಿ ಆರು ವರ್ಷ, ಬಸ್ಸೂ ನಿಂತಿದೆ.
ಬೀಗ ಮಾತ್ರ ಆ ಬಸ್ಸಿನ ಹೊತ್ತಿಗೇ.

ಶಾಹಿದಾ ಟೀಚರನ್ನು ಹೊರಗೆ ತಡೆದು ಕೇಳಿದೆ,
"ನೀವು ಕಲಿಸಿದಿರಾ ಇದನ್ನ?"
"ಎದ್ದು ನಿಲ್ಲೋದು ಕಲಿಸಿದೆ, ಅಂಜಿನಪ್ಪ.
ಮೈಕು ಕಿರುಚಿದರೆ ಹೆದರಬೇಡ ಅಂದೆ.
ಪ್ರಶ್ನೆ ಅವಳದೇ."

ಮನೆಯಲ್ಲಿ ಕೊಟ್ರಮ್ಮ ರೊಟ್ಟಿ ತಟ್ಟುತ್ತಲೇ ಅಂದಳು,
"ನನ್ನ ಕಡೆ ನೋಡಬೇಡ. ನನ್ನೂ ಕೇಳ್ಯಾಳೆ,
ಅವ್ವಾ, ಬಿಸಿ ರೊಟ್ಟಿ ನಿನ್ನ ಪಾಲಿಗೆ ಯಾವತ್ತು ಅಂತ.
ಅವತ್ತಿಂದ ನಾನೂ ಎಲ್ಲರ ಜೊತೆಗೇ ಉಣ್ಣಾಕೆ ಕೂರ್ತೀನಿ.
ನೀನು ನೋಡೇ ಇಲ್ಲ."

ನಿಜ, ನೋಡಿರಲಿಲ್ಲ.

ನಿದ್ದೆ ಹತ್ತಲಿಲ್ಲ. ಮೂರಕ್ಕೇ ಎದ್ದು ವಾಲ್ವಿನ ಹತ್ತಿರ ಹೋದೆ.
ಸೂಳೆಕೆರೆಯ ನೀರು ಪೈಪಿನಲ್ಲಿ ಬರುವ ಮೊದಲು
ಬರೀ ಗಾಳಿ ಬರುತ್ತದೆ, ಮುದುಕನ ಕೆಮ್ಮಿನ ಹಾಗೆ.
ಆ ಕೆಮ್ಮಿಗೆ ಕಿವಿಗೊಟ್ಟು ಕೂತಾಗ ನೆನಪಾಯಿತು:
ಆರು ವರ್ಷದವಳು ಹೆಗಲೇರಿ, ಬ್ಯಾಟರಿ ಹಿಡಿದು
ಇಲ್ಲಿಗೇ ಬರುತ್ತಿದ್ದಳು.
"ಮೊದಲು ಯಾವ ಬೀದಿಗೆ ಬಿಡ್ತಿ ಅಪ್ಪಾ?"
"ಕೊನೇ ಬೀದಿಗೆ, ಮಗಾ. ಮೊದಲ ಮನೆಯೋರು
ಹೆಂಗಾರ ತುಂಬಿಕೊಳ್ತಾರೆ.
ಕೊನೇ ಕೊಡ ಖಾಲಿ ಇದ್ದರೆ
ಯಾಕೆ ಖಾಲಿ ಅಂತ ಯಾರಾದರೂ ಕೇಳಬೇಕು."

ಆಡಿ ಮರೆತ ಮಾತು.
ಎಲ್ಲೆಲ್ಲೋ ನೆಲದೊಳಗೆ ಹರಿದು
ಏಳು ವರ್ಷಕ್ಕೆ ನನ್ನ ಮುಖಕ್ಕೇ ಚಿಮ್ಮಿತ್ತು.

ಠರಾವು ಆಗಲಿ, ನೋಡೋಣ ಅಂದರು ಪಿಡಿಒ.
ಆಗುವ ತನಕ ನಾನು ಮರೆತೆ, ಅಷ್ಟೆ.
ನಾಲ್ಕು ಹೊಡೆಯಿತು, ಮರೆತೆ. ಐದಾಯಿತು, ಮರೆತೆ.
ಕ್ಷೌರದಂಗಡಿ ತಿಮ್ಮಣ್ಣ ಒಂದು ಬಲ್ಬು ತಂದು ಸಿಕ್ಕಿಸಿದ,
ಮಗನನ್ನು ಒಳಗೆ ದಬ್ಬಿ
ತಾನೂ ಪೇಪರು ಓದುವವನ ಹಾಗೆ ಕೂತ.
ದನ ಹೊಡೆದುಕೊಂಡು ಬಂದ ಹುಡುಗರಿಬ್ಬರು
ಬಾಗಿಲಲ್ಲಿ ನಿಂತು, ಬರಬಹುದಾ ಅಂದರು.
ಬರಬಹುದಾ ಅಂತ ಕೇಳುವಷ್ಟು ದಿನ
ಮುಚ್ಚಿಟ್ಟಿದ್ದೆನಲ್ಲ.

ಏಳೂವರೆ. ಮೆಟ್ಟಿಲ ಮೇಲೆ ಸೊಳ್ಳೆ ಹೊಡೆಯುತ್ತಾ ಕೂತಿದ್ದೇನೆ.
"ಏಳವ್ವಾ, ಊಟಕ್ಕೆ."
"ಇನ್ನೊಂದು ಪುಟ."
ಇದು ನಾಲ್ಕನೆಯ ಇನ್ನೊಂದು ಪುಟ.

ದಾರಿಯಲ್ಲಿ ಮಾತಿಲ್ಲದೆ ಬಂದವಳು
ಟ್ಯಾಂಕಿನ ಹತ್ತಿರ ನಿಂತಳು.
"ಅಪ್ಪಾ, ಕೊನೇ ಬೀದಿಗೆ ಮೊದಲು ಬಿಡ್ತಿ, ಸರಿ.
ಆ ಬೀದಿ ದಾಟಿದ ಮೇಲೆ ಶೆಡ್ಡು ಹಾಕ್ಯಾರಲ್ಲ,
ನಮ್ಮ ಕ್ಲಾಸಿನ ಸುಂಕಮ್ಮನ ಮನೆ,
ಅಲ್ಲಿಗೆ ಪೈಪೇ ಇಲ್ಲ, ಯಾಕೆ?"

ಗೊಂಚಲು ತಡವಿದೆ.
ಪಂಪ್‌ಹೌಸು, ಭವನ, ಗ್ರಂಥಾಲಯ.
ಅದರ ಬೀಗದಕೈ ನನ್ನ ಹತ್ತಿರ ಇಲ್ಲ ಮಗಾ, ಅಂದೆ.

"ಯಾರ ಹತ್ತಿರ ಐತೆ?" ಅಂದಳು.